ರೇಡಿಯೇಟರಿಗೆ ಬೇರಿಯಂ ಕುಡಿಸಿದ್ದು

ಕಂಡವರ ಒಳಗನ್ನು ನೋಡುವುದೇ ನನ್ನ ಹೊಟ್ಟೆಪಾಡು. ಆಸ್ಪತ್ರೆಯ ಎಕ್ಸ್-ರೇ ಕೋಣೆಯಲ್ಲಿ ನಾನು ಟೆಕ್ನೀಷಿಯನ್. "ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡಬೇಡಿ, ಬಿಡಿ" ಎಂದು ದಿನವಿಡೀ ಹೇಳಿ ಹೇಳಿ, ಮನೆಯಲ್ಲಿ ಒಲೆ ಮೇಲೆ ಹಾಲು ಉಕ್ಕುವಾಗಲೂ ನನ್ನ ಬಾಯಲ್ಲಿ ಅದೇ ಬರುತ್ತದೆ. ನುಂಗಿದ ಗುಂಡಿ, ಬಿರುಕುಬಿಟ್ಟ ಮೂಳೆ, ಹೊಟ್ಟೆಯೊಳಗಿನ ಕಲ್ಲು, ಯಾವುದೂ ನನ್ನ ಕಣ್ಣು ತಪ್ಪಿಸಿಲ್ಲ. ಇಂಥವನ ಮನೆಯ ಡೀಸೆಲ್ ಕಾರು ಬಿಸಿಯಾಗತೊಡಗಿದರೆ ಅವನು ಗ್ಯಾರೇಜಿನವರ ಕಾಲು ಹಿಡಿಯುತ್ತಾನೆಯೇ? ಛೆ, ಛೆ! ವಂಶಕ್ಕೇ ಅವಮಾನ!

"ಮನುಷ್ಯನ ಚರ್ಮದ ಕೆಳಗೆ ಏನಿದೆ ಅಂತ ಹೇಳೋನಿಗೆ ಬಾನೆಟ್ಟಿನ ಕೆಳಗೆ ಏನಿದೆ ಅಂತ ಗೊತ್ತಾಗಲ್ವಾ? ಈ ಕಾಯಿಲೆ ನಾನೇ ಪತ್ತೆ ಹಚ್ತೀನಿ" ಎಂದು ಎದೆ ತಟ್ಟಿ ಘೋಷಿಸಿದೆ.

ಹೆಂಡತಿ ಇಸ್ತ್ರಿ ಮಾಡುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು: "ಸೋಮವಾರದ ಒಳಗೆ?"

"ಸೋಮವಾರ ಯಾಕೆ, ಭಾನುವಾರವೇ ನಿನ್ನ ಕೈಗೆ ಕೀ ಕೊಡ್ತೀನಿ."

"ನನಗೆ ಕೀ ಬೇಡ ರೀ, ಕಾರು ಬೇಕು" ಎಂದಳು. ಲೆಕ್ಕದ ಟೀಚರು, ಯಾವುದನ್ನೂ ಸುಮ್ಮನೆ ಬಿಡುವವಳಲ್ಲ.

ಈ ಸೋಮವಾರದ ಕತೆ ಏನೆಂದರೆ, ಗುಡ್ಡದಾಚೆಯ ಊರಿನ ಶಾಲೆಗೆ ಅವಳನ್ನು ಹೆಡ್‌ಮಿಸ್ ಮಾಡಿದ್ದರು. ವರ್ಷಗಟ್ಟಲೆ ಕಾದ ಬಡ್ತಿ ಅದು. ಆದರೆ ಬಡ್ತಿಗೊಂದು ಬಾಲವಿತ್ತು. ಸೋಮವಾರ ಬೆಳಗಿನ ಗಂಟೆ ಹೊಡೆಯುವಷ್ಟರಲ್ಲಿ ಹಾಜರಾಗಬೇಕು, ಇಲ್ಲದಿದ್ದರೆ ಆ ಕುರ್ಚಿ ಅಲ್ಲಿನ ಹಿರಿಯ ವಿಜ್ಞಾನ ಮೇಷ್ಟರಿಗೆ. ಗಡ್ಡದ ಮೇಷ್ಟ್ರು ಅಂತಲೇ ಅವರು ಆ ಊರಿಗೆಲ್ಲ ಪ್ರಸಿದ್ಧರು. ಪಾಪ, ಮೇಡಂಗೆ ದಿನಾ ಗುಡ್ಡ ಹತ್ತಿ ಬರೋದು ಆಗೋ ಮಾತಾ ಎಂದು ಅವರು ಆಗಲೇ ಕಂಡಕಂಡವರ ಹತ್ತಿರ ಕನಿಕರ ತೋರಿಸತೊಡಗಿದ್ದರಂತೆ. ಆ ದಾರಿಗೆ ಬೆಳಗಿನ ಹೊತ್ತು ಬಸ್ಸಿಲ್ಲ. ಅದಕ್ಕೇ ನನ್ನ ಹೆಂಡತಿ ಹಟ ಹಿಡಿದು ಡ್ರೈವಿಂಗ್ ಸ್ಕೂಲಿಗೆ ಸೇರಿ, ಕಲಿತು ಲೈಸೆನ್ಸ್ ತೆಗೆದುಕೊಂಡಿದ್ದಳು. ಈಗ ಅವಳ ಬಡ್ತಿಯೆಲ್ಲ ನಮ್ಮ ಹಳೇ ಡೀಸೆಲ್ ಕಾರಿನ ತಲೆಯ ಮೇಲೆ ಕೂತಿತ್ತು.

ಸುಳ್ಳು ಯಾಕೆ ಹೇಳಲಿ, ಅವಳ ಲೈಸೆನ್ಸ್ ಬಂದ ದಿನ ನಾನು ಬೀದಿಗೆಲ್ಲ ಸಿಹಿ ಹಂಚಿದೆ, ಕಾರಿನ ಕೀಯನ್ನು ಮಾತ್ರ ಜೇಬಿನಿಂದ ಹೊರಗೆ ತೆಗೆಯಲಿಲ್ಲ. ಆ ಕಾರಿನ ಸ್ಟೇರಿಂಗನ್ನು ನನ್ನ ಹೊರತು ಇನ್ನೊಬ್ಬರು ಮುಟ್ಟಿದ್ದೇ ಇಲ್ಲ. ಅದರ ಗಡಗಡ ಸದ್ದು ಕೇಳಿ ಬೀದಿಯವರೆಲ್ಲ ಕಿವಿ ಮುಚ್ಚಿಕೊಂಡರೆ ನನಗೆ ಜೋಗುಳ ಕೇಳಿದಂತಾಗುತ್ತದೆ. ಹಕ್ಕಿಗಳು ಗಲೀಜು ಮಾಡುತ್ತವೆಂದು ದಿನಾ ಸಂಜೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹೊದಿಸಿ, ನಾಲ್ಕು ಮೂಲೆ ಕಟ್ಟಿ, ಬಾನೆಟ್ಟಿನ ಮೇಲೊಮ್ಮೆ ಕೈಯಾಡಿಸಿ ಒಳಗೆ ಬರುತ್ತಿದ್ದೆ. ಹೀಗಾಗಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೊದಲ ಸಲ ಕೆಂಪು ಗೆರೆ ಮುಟ್ಟಿದಾಗ ನನಗೆ ಗಾಬರಿ ಆಯಿತು ನಿಜ, ಜೊತೆಗೆ ಒಂದು ಚೂರು ಸಮಾಧಾನವೂ ಆಯಿತು. ಕಾಯಿಲೆ ಕಾರನ್ನು ಬೇರೆಯವರ ಕೈಗೆ ಕೊಡೋಕಾಗುತ್ತಾ? ನಾನೇ ಕರ್ಕೊಂಡು ಹೋಗ್ತೀನಿ ಬಿಡು ಎಂದು ಅವಳಿಗೆ ಹೇಳಿಯೂ ಹೇಳಿದೆ. ಆಸ್ಪತ್ರೆಯ ಬೆಳಗಿನ ಪಾಳಿಯನ್ನು ವರ್ಷವಿಡೀ ಯಾರ ತಲೆಗೆ ಕಟ್ತೀರಿ ಎಂದು ಅವಳು ಕೇಳಿದಳು, ನಾನು ಕಾರು ಒರೆಸಲು ಹೊರಟೆ.

ಕಾರಿಗೆ ಜ್ವರ ಎಂಬ ಸುದ್ದಿ ಹಬ್ಬಿದ್ದೇ ತಡ, ಬೀದಿಯಲ್ಲಿ ವೈದ್ಯರಿಗೆ ಬರವೇ ಇಲ್ಲವಾಯಿತು. ಎದುರು ಮನೆಯ ನಿವೃತ್ತ ಹವಾಲ್ದಾರರು ಬಾನೆಟ್ ತೆಗೆಯುವ ಮೊದಲೇ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ತೀರ್ಪು ಕೊಟ್ಟರು. ಅವರ ಪ್ರಕಾರ ಲೋಕದಲ್ಲಿ ಕೆಟ್ಟದ್ದೆಲ್ಲ ಹೆಡ್ ಗ್ಯಾಸ್ಕೆಟ್ಟಿನಿಂದಲೇ ಕೆಡುತ್ತದೆ. ಪಕ್ಕದ ಮನೆಯ ಟೈಲರು ವಾಟರ್ ಪಂಪ್ ಅಂದರು. ಆಸ್ಪತ್ರೆಯ ಲಿಫ್ಟಿನವನು ಥರ್ಮೋಸ್ಟಾಟ್ ಅಂದ. ನಾನು ಎಲ್ಲರಿಗೂ ಒಂದೇ ಮಾತು ಹೇಳಿದೆ: ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ. ಸ್ಟೆತಾಸ್ಕೋಪ್ ತಂದು ಇಂಜಿನ್ನಿನ ಮೇಲಿಟ್ಟು ಕೇಳಿದೆ. ಡೀಸೆಲ್ ಇಂಜಿನ್ನಿಗೆ ಸ್ಟೆತಾಸ್ಕೋಪ್ ಇಡುವುದೆಂದರೆ ಡೋಲಿನ ಒಳಗೆ ತಲೆ ಹಾಕಿದ ಹಾಗೆ. ಆ ಸಂಜೆಯೆಲ್ಲ ಹೆಂಡತಿ ಏನು ಹೇಳಿದರೂ ನನಗೆ ಕೇಳಿಸಲಿಲ್ಲ. ಅವಳು ಏನೇನೋ ಹೇಳಿದಳಂತೆ.

ಕೊನೆಗೆ ತಜ್ಞನ ಬುದ್ಧಿಗೆ ಸತ್ಯ ಹೊಳೆಯಿತು. ಇಂಜಿನ್ನಿನ ಬಿಸಿಯನ್ನು ಹೊತ್ತು ತರುವ ನೀರು ಕಾರಿನ ಮೂತಿಯಲ್ಲಿರುವ ರೇಡಿಯೇಟರಿಗೆ ಬರುತ್ತದೆ, ಅಲ್ಲಿನ ಸಣ್ಣ ಸಣ್ಣ ಕೊಳವೆಗಳಲ್ಲಿ ಓಡಾಡಿ, ಗಾಳಿಗೆ ತಣ್ಣಗಾಗಿ ವಾಪಸು ಹೋಗುತ್ತದೆ. ಅಂದರೆ ಅದು ಕರುಳು! ಕರುಳಲ್ಲಿ ಎಲ್ಲೋ ಕಟ್ಟಿಕೊಂಡಿದೆ! ಕರುಳು ಕಟ್ಟಿದ್ದನ್ನು ಕಂಡುಹಿಡಿಯುವುದಕ್ಕೆ ನನ್ನ ಹತ್ತಿರ ಏನಿದೆ? ಆಸ್ಪತ್ರೆಯ ಒಂದು ಇಡೀ ಕೋಣೆಯೇ ಇದೆ!

ಶನಿವಾರ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಶಸ್ತ್ರಚಿಕಿತ್ಸೆಗೆ ಇಳಿದೆ. ಒಳಗಿದ್ದ ಹಸಿರು ಕೂಲೆಂಟ್ ನೀರನ್ನು ಹಿಡಿಯಲು ಕೈಗೆ ಸಿಕ್ಕಿದ ಪಾತ್ರೆ ತಂದೆ. ಅದು ಚಪಾತಿ ಹಿಟ್ಟು ಕಲಸುವ ಬೋಗುಣಿ ಎಂದು ಹೆಂಡತಿ ಬಂದು ನಿಂತ ಮೇಲೆ ಗೊತ್ತಾಯಿತು. ಅದು ವಿಷ, ಆ ಬೋಗುಣಿಯನ್ನು ಇನ್ನು ಅಡಿಗೆಮನೆಗೆ ತಂದರೆ ನೀವೂ ಅದರ ಜೊತೆ ಹೊರಗೇ ಇರ್ತೀರಿ ಎಂದು ಹೇಳಿ ಅವಳು ಒಳಗೆ ಹೋದಳು. ಈ ಸಲ ನನಗೆ ಸ್ಪಷ್ಟವಾಗಿ ಕೇಳಿಸಿತು.

ಬೋಲ್ಟು ಬಿಚ್ಚಿ, ಪೈಪು ಕಿತ್ತು, ರೇಡಿಯೇಟರನ್ನು ಮೇಲೆತ್ತಿದೆ. ಅದರ ಮುಂಭಾಗಕ್ಕೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೊಂದು ಧೂಳು ಮೆತ್ತಿಕೊಂಡು ಉದ್ದಗಲಕ್ಕೂ ಅಂಟಿಕೊಂಡಿತ್ತು. ನಾನು ದಿನಾ ಹೊದಿಸುತ್ತಿದ್ದ ಹಾಳೆಯದೇ ಹರಿದ ತುಂಡು ಅದು, ಗಾಳಿಗೆ ಜಾಲರಿಯ ಸಂದಿನಿಂದ ಒಳಗೆ ಹೋಗಿ ಕೂತಿತ್ತು. ಎಂಥಾ ಗಲೀಜಪ್ಪ ಎಂದುಕೊಂಡು ಅದನ್ನು ಕಿತ್ತು ಮುದ್ದೆ ಮಾಡಿ ಕಸದ ಬುಟ್ಟಿಗೆ ಎಸೆದೆ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನೀವು ಜಾಣರು, ನಿಮಗೆ ಆಗಲೇ ಗೊತ್ತಾಗಿರುತ್ತದೆ. ಗಾಳಿ ಬರುವ ಬಾಯಿಗೆ ಪ್ಲಾಸ್ಟಿಕ್ ಮೆತ್ತಿಕೊಂಡರೆ ಇಂಜಿನ್ ಬಿಸಿಯಾಗದೆ ಇನ್ನೇನಾಗುತ್ತದೆ? ಇದೇ ಕಾಯಿಲೆ, ಪೂರಾ ಇಷ್ಟೇ. ಆ ಮುದ್ದೆ ಕಸದ ಬುಟ್ಟಿಗೆ ಬಿದ್ದ ಕ್ಷಣವೇ ನಮ್ಮ ಕಾರು ಸಂಪೂರ್ಣ ಗುಣವಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನಾನು ಅಂಗೈ ಹುಣ್ಣನ್ನು ಒರೆಸಿ ಹಾಕಿ, ಎಕ್ಸ್-ರೇ ತೆಗೆಸಲು ಹೊರಟೆ. ಇನ್ನು ಮುಂದೆ ನಡೆದದ್ದೆಲ್ಲ ಗುಂಡುಕಲ್ಲಿನಂತಿದ್ದವನಿಗೆ ಮಾಡಿದ ಚಿಕಿತ್ಸೆ.

ರೇಡಿಯೇಟರನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಆಸ್ಪತ್ರೆಗೆ ಹೋದೆ. ನಾನು ಇಳಿದು ಅದನ್ನು ಎದೆಗವಚಿಕೊಂಡು ಬರುವುದನ್ನು ಕಂಡ ವಾಚ್‌ಮನ್ ಒಂದು ಮಾತೂ ಕೇಳದೆ ಸ್ಟ್ರೆಚರ್ ತಳ್ಳಿಕೊಂಡು ಓಡಿಬಂದ. ಬೇಡ ಅನ್ನುವಷ್ಟರಲ್ಲಿ ರೇಡಿಯೇಟರ್ ಮಲಗಿಯಾಗಿತ್ತು. ಕಾರಿಡಾರಿನಲ್ಲಿ ಜನ ಗೋಡೆಗೆ ಸರಿದು ದಾರಿ ಬಿಟ್ಟರು. ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ಎದ್ದು ಬಂದು, ಎಷ್ಟು ವಯಸ್ಸಪ್ಪ ಎಂದು ಕೇಳಿದರು. ಹನ್ನೆರಡು ವರ್ಷ ಎಂದೆ. ಏನಾಗಿದೆ ಎಂದರು. ಮೈಯೆಲ್ಲ ಕಾದ ಹೆಂಚಾಗುತ್ತೆ ಅಜ್ಜಿ, ಗುಡ್ಡ ಹತ್ತೋಕಾಗಲ್ಲ ಎಂದೆ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ ನೋಡಿ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಬೆಡ್‌ಶೀಟಿನ ಮೇಲೆ ಮೆಲ್ಲಗೆ ಕೈಯಾಡಿಸಿದರು. ಎಷ್ಟು ಸೊರಗಿದೆ, ಬರೀ ಎಲುಬೇ ಸಿಗುತ್ತೆ ಎಂದು ಬಿಕ್ಕಿದರು. ನಾನು ಬೆಡ್‌ಶೀಟಿನ ಅಂಚನ್ನು ಇನ್ನಷ್ಟು ಎಳೆದು ಹೊದಿಸಿದೆ.

ಮಧ್ಯಾಹ್ನದ ಊಟದ ಹೊತ್ತು, ಎಕ್ಸ್-ರೇ ಕೋಣೆ ಖಾಲಿ. ರೇಡಿಯೇಟರನ್ನು ಟೇಬಲ್ಲಿನ ಮೇಲೆ ನೇರ ಮಲಗಿಸಿದೆ. ಅಭ್ಯಾಸಬಲದಿಂದ "ಉಸಿರು ಹಿಡ್ಕೊಳ್ಳಿ" ಅಂತಲೂ ಅಂದೆ. ಚಿತ್ರವೇನೋ ಸೊಗಸಾಗಿ ಬಂತು. ಆದರೆ ನಮ್ಮಲ್ಲಿ ತೆಗೆದ ಚಿತ್ರ ತಾನಾಗಿಯೇ ಪಕ್ಕದ ಕೋಣೆಯ ಡಾಕ್ಟರಮ್ಮನ ಪರದೆಗೂ ಹೋಗುತ್ತದೆ ಎಂಬುದನ್ನು ನಾನು ಮರೆತಿದ್ದೆ. ಅವರು ಊಟಕ್ಕೆ ಹೋಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಅವರ ತಲೆ ಕಂಡಿತು.

"ಈ ರೋಗಿಗೆ ಪಕ್ಕೆಲುಬು ಎಣಿಸಿ ಮುಗೀತಿಲ್ಲ, ಹೃದಯ ಹುಡುಕಿದ್ರೂ ಸಿಗ್ತಿಲ್ಲ. ಯಾರ್ರೀ ಅದು?"

ಕೆಲಸ ಹೋಯಿತು ಎಂದೇ ತಿಳಿದೆ. ಸೋಮವಾರ, ಹೆಂಡತಿ, ಗುಡ್ಡ, ಗಡ್ಡ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೋಟಿನ ತೋಳು ಮಡಚಿದರು! ಅವರ ಕಾರೂ ಬಿಸಿಯಾಗುತ್ತಿತ್ತಂತೆ. ಗ್ಯಾರೇಜಿನವರು ಅವರ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲವಂತೆ. ಆ ಸಿಟ್ಟೆಲ್ಲ ಈಗ ವಿಜ್ಞಾನವಾಗಿ ಹೊರಬಂತು.

"ಬರೀ ಎಕ್ಸ್-ರೇಲಿ ತಡೆ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ? ಬೇರಿಯಂ ಕುಡಿಸಿ ನೋಡೋಣ" ಎಂದರು.

ಬೇರಿಯಂ ಅಂದರೆ ಕಲಸಿದ ಸುಣ್ಣದಂಥ ಬೆಳ್ಳನೆಯ ದ್ರವ. ಹೊಟ್ಟೆನೋವಿನವರಿಗೆ ಕುಡಿಸಿದರೆ ಅದು ಕರುಳಿನಲ್ಲಿ ಇಳಿಯುವ ದಾರಿಯೆಲ್ಲ ಎಕ್ಸ್-ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ರೋಗಿಗಳು ಮುಖ ಸಿಂಡರಿಸಬಾರದೆಂದು ಅದಕ್ಕೆ ಸ್ಟ್ರಾಬೆರಿ ವಾಸನೆ ಸೇರಿಸಿರುತ್ತಾರೆ. ಅವಧಿ ಮುಗಿದ ಬಾಟಲಿಗಳು ಎಸೆಯುವುದಕ್ಕೆಂದು ಮೂಲೆಯಲ್ಲೇ ಇದ್ದವು. ರೇಡಿಯೇಟರನ್ನು ಎತ್ತಿ ನಿಲ್ಲಿಸಿ, ಕೆಳಗಿನ ಬಾಯಿಗೆ ರಬ್ಬರ್ ಕೈಗವಸು ಕಟ್ಟಿ, ಮೇಲಿನ ಬಾಯಿಂದ ನಾನು ಹುಯ್ಯುತ್ತಾ ಹೋದೆ. ಕೈಗವಸು ತುಂಬಿಕೊಂಡು ಐದು ಬೆರಳೂ ಉಬ್ಬಿ ಹಸುವಿನ ಕೆಚ್ಚಲಿನಂತೆ ತೂಗಾಡಿತು. ಪರದೆಯ ಮೇಲೆ ಬಿಳಿಯ ಎಳೆಗಳು ಒಂದೊಂದೇ ಕೊಳವೆಯಲ್ಲಿ ಇಳಿಯುವುದನ್ನು ಇಬ್ಬರೂ ಉಸಿರು ಬಿಗಿಹಿಡಿದು ನೋಡಿದೆವು. ನನ್ನ ಇಡೀ ಸರ್ವೀಸಿನಲ್ಲಿ ಅಷ್ಟು ಚೆಂದದ ಕರುಳು ನೋಡಿಲ್ಲ. ಎಲ್ಲೂ ತಡೆಯಿಲ್ಲ, ರೋಗಿ ಆರೋಗ್ಯವಾಗಿದ್ದಾರೆ ಎಂದು ಡಾಕ್ಟರಮ್ಮ ಸಾರಿದರು. ನಮ್ಮಿಬ್ಬರಿಗೂ ಎಷ್ಟು ಖುಷಿಯಾಯಿತೆಂದರೆ, ಹಾಗಾದರೆ ಕಾರು ಬಿಸಿಯಾಗುವುದು ಯಾಕೆ ಎಂಬ ಪ್ರಶ್ನೆ ಇಬ್ಬರ ತಲೆಗೂ ಬರಲಿಲ್ಲ.

ಇಲ್ಲಿಯೇ ನನ್ನ ಮಹಾಪರಾಧ. ಬೇರಿಯಂ ಕುಡಿದವರನ್ನು ಕಳಿಸುವಾಗ ನಾನು ದಿನಾ ಗಿಣಿಪಾಠದಂತೆ ಒಂದು ಮಾತು ಹೇಳುತ್ತೇನೆ: ಮನೆಗೆ ಹೋಗಿ ಚೆನ್ನಾಗಿ ನೀರು ಕುಡೀರಿ, ಇಲ್ಲಾಂದ್ರೆ ಒಳಗೆ ಗಟ್ಟಿಯಾಗಿ ಕೂತುಬಿಡುತ್ತೆ. ಯಾರಿಗೆ ಹೇಳದಿದ್ದರೂ ನಡೆಯುತ್ತಿತ್ತು, ರೇಡಿಯೇಟರಿಗೆ ಹೇಳಬೇಕಿತ್ತು. ಒಂದು ಚೊಂಬು ನೀರು ಹಾಕಿ ಕುಲುಕಿದ ಶಾಸ್ತ್ರ ಮಾಡಿದೆ. ಒಳಗೆ ಉಳಿದದ್ದನ್ನು ಉಳಿಯಲಿ ಎಂದು ಬಿಟ್ಟೆ. ಮತ್ತೆ ಚಿತ್ರ ತೆಗೆಯಬೇಕಾದರೆ ಅನುಕೂಲ ಎಂದು ಡಾಕ್ಟರಮ್ಮನೂ ತಲೆಯಾಡಿಸಿದರು.

ಭಾನುವಾರ ಎಲ್ಲವನ್ನೂ ವಾಪಸು ಜೋಡಿಸಿ, ನೀರು ತುಂಬಿದೆ. ಎರಡು ಬೋಲ್ಟು ಉಳಿದವು, ಕಂಪನಿಯವರು ಜಾಸ್ತಿ ಹಾಕಿರುತ್ತಾರೆ ಬಿಡಿ. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿದೆ. ಮುಳ್ಳು ನಡುಮಧ್ಯದಲ್ಲಿ ತೆಪ್ಪಗೆ ನಿಂತಿತ್ತು. ಸಂತೆಬೀದಿಯ ನೂಕುನುಗ್ಗಲಲ್ಲೂ ಅಲ್ಲಾಡಲಿಲ್ಲ. ಅಲ್ಲಾಡುವುದಾದರೂ ಯಾಕೆ, ಹಾಳೆ ಕಸದ ಬುಟ್ಟಿಯಲ್ಲಿತ್ತಲ್ಲ! ನಾನು ಮಾತ್ರ ಇದು ನನ್ನ ಕೈಗುಣ ಎಂದು ಬೀಗಿದೆ. ಏನಾಗಿತ್ತು ಎಂದು ಅವಳು ಕೇಳಿದ್ದಕ್ಕೆ, ಹೇಳಿದರೆ ನಿನಗೆ ಅರ್ಥವಾಗಲ್ಲ, ಒಳಗಿನ ವಿಷಯ ಎಂದೆ. ಅವಳು ಸಂತೋಷದಲ್ಲಿದ್ದಳು, ಬೈಯಲಿಲ್ಲ. ಸೋಮವಾರ ಉಡಲೆಂದು ತಂದಿದ್ದ ಕಡುನೀಲಿ ಸೀರೆಯನ್ನು ಆ ಸಂಜೆ ಮತ್ತೊಮ್ಮೆ ಇಸ್ತ್ರಿ ಮಾಡಿದಳು. ಅದನ್ನು ನೋಡಿದಾಗ ನನಗೂ ಒಳ್ಳೆಯದೆನಿಸಿತು, ಹೋಗಲಿ, ಕೀ ಕೊಟ್ಟೇಬಿಡೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ನಾವು ಮಲಗಿದೆವು. ರೇಡಿಯೇಟರಿನಲ್ಲಿ ಬೇರಿಯಮ್ಮೂ ಮೆಲ್ಲಗೆ ತಳಕ್ಕಿಳಿದು, ಮಗ್ಗುಲು ಬದಲಿಸದೆ ಗಟ್ಟಿಯಾಗಿ ಮಲಗಿತು.

ಸೋಮವಾರ ಬೆಳಿಗ್ಗೆ ಅವಳು ಸ್ಟೇರಿಂಗ್ ಹಿಡಿದಳು. ಮೊದಲ ದಿನವಲ್ಲವೇ, ದಾರಿ ತೋರಿಸಲು ನಾನೂ ಪಕ್ಕದಲ್ಲಿ ಕೂತೆ. ದಾರಿ ಒಂದೇ ಇತ್ತು, ಆದರೂ ತೋರಿಸಿದೆ. ಅವಳು ನನಗಿಂತ ಚೆನ್ನಾಗಿಯೇ ಓಡಿಸುತ್ತಿದ್ದಳು. ಗುಡ್ಡದ ಬುಡ ದಾಟಿ ಎರಡು ತಿರುವು ಹತ್ತುವಷ್ಟರಲ್ಲಿ ಮುಳ್ಳು ಮೇಲೇಳತೊಡಗಿತು. ಮೂರನೆಯ ತಿರುವಿನಲ್ಲಿ ಕೆಂಪು ಗೆರೆಯ ಹತ್ತಿರ ಬಂತು.

"ರೀ, ಇದೇನ್ರೀ?"

ಗಾಬರಿ ಬೇಡ ಎಂದೆ. ಇಂಜಿನ್ ಬಿಸಿಯಾದಾಗ ಹೀಟರ್ ಹಾಕಿದರೆ ಅದರ ಬಿಸಿಯೆಲ್ಲ ಕಾರಿನೊಳಗೆ ಬಂದು ಇಂಜಿನ್ ತಣ್ಣಗಾಗುತ್ತದೆ, ಇದು ಎಲ್ಲ ಬಲ್ಲವರ ಉಪಾಯ. ಹೀಟರನ್ನು ಪೂರ್ತಿ ತಿರುಗಿಸಿ, ಬೇಯಲು ಸಿದ್ಧನಾಗಿ ಕಣ್ಣು ಮುಚ್ಚಿದೆ. ಮುಖಕ್ಕೆ ತಣ್ಣನೆಯ ಗಾಳಿ ಬೀಸಿತು. ಹಾಯಾಗಿದೆ ಎಂದಳು ಹೆಂಡತಿ. ನನ್ನ ಕೈಕಾಲು ಆ ಗಾಳಿಗಿಂತ ತಣ್ಣಗಾದವು. ಹೀಟರಿನಲ್ಲಿ ತಣ್ಣನೆ ಗಾಳಿ ಬಂತೆಂದರೆ ಬಿಸಿನೀರು ಎಲ್ಲಿಗೂ ಹರಿಯುತ್ತಿಲ್ಲ ಎಂದರ್ಥ. ಶನಿವಾರ ಪರದೆಯಲ್ಲಿ ಹುಡುಕಿದ ತಡೆ ಈಗ ನಿಜವಾಗಿಯೂ ಹುಟ್ಟಿತ್ತು, ಕಾರಿನ ಅಡಿಯಿಂದ ಮುಡಿಯವರೆಗೆ. ಅದರ ಹೆತ್ತಪ್ಪ ನಾನು.

ಡಬ್ ಎಂದು ಸದ್ದಾಯಿತು. ಬಾನೆಟ್ಟಿನ ಸಂದುಗೊಂದುಗಳಿಂದೆಲ್ಲ ಬೆಳ್ಳನೆಯ ನೊರೆ ಉಕ್ಕಿ ಉಕ್ಕಿ ಬಂತು. ಅವಳು ಹೆದರದೆ ಕಾರನ್ನು ಬದಿಗೆ ತೆಗೆದು ನಿಲ್ಲಿಸಿ, ಇಂಜಿನ್ ಆರಿಸಿ, ಕೈ ಬ್ರೇಕ್ ಎಳೆದಳು. ಇಳಿದು ಮುಂದೆ ಬರುವಷ್ಟರಲ್ಲಿ ಇನ್ನೊಂದು ಸಲ ಡಬ್ ಎಂದಿತು. ಕಡುನೀಲಿ ಸೀರೆಯ ತುಂಬ ಬಿಳಿ ಚುಕ್ಕೆ! ಪುಣ್ಯಕ್ಕೆ ದೂರದಲ್ಲಿದ್ದಳು, ಮೈಗೆ ಬಿಸಿ ತಾಗಲಿಲ್ಲ. ಗುಡ್ಡದ ಗಾಳಿಗೆಲ್ಲ ಗಮ್ಮೆಂದು ಸ್ಟ್ರಾಬೆರಿ ವಾಸನೆ. ಎಲ್ಲಿದ್ದವೋ, ನೊಣಗಳು ಬಂದವು.

ಅವಳು ಸೆರಗನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. ಆ ವಾಸನೆ ನನ್ನ ಅಂಗಿಯಲ್ಲಿ ದಿನಾ ಸಂಜೆ ಮನೆಗೆ ಬರುವ ವಾಸನೆ. ನಾನು ಬಾಯಿ ತೆರೆದೆ.

"ಈಗೇನೂ ಹೇಳಬೇಡಿ" ಎಂದಳು. "ಕೇಳಿಸಿಕೊಂಡ್ರೆ ನಾನು ಶಾಲೆಗೆ ನಗುಮುಖ ಇಟ್ಕೊಂಡು ಹೋಗೋಕಾಗಲ್ಲ."

ಅವಳ ದನಿ ನಡುಗಿತು. ಮದುವೆಯಾದಾಗಿನಿಂದ ಅವಳು ನನ್ನನ್ನು ಬೈದಿದ್ದಾಳೆ, ಕಿಚಾಯಿಸಿದ್ದಾಳೆ, ಹೊರಗೆ ನಿಲ್ಲಿಸಿಯೂ ಇದ್ದಾಳೆ, ಆದರೆ ಆ ದನಿಯನ್ನು ನಾನು ಕೇಳಿರಲಿಲ್ಲ. ವರ್ಷಗಟ್ಟಲೆ ಕಾದ ಕುರ್ಚಿ, ಗಂಟೆ ಹೊಡೆಯಲು ಅರ್ಧ ಗಂಟೆಯೂ ಉಳಿದಿಲ್ಲ, ಇನ್ನೂ ಅರ್ಧ ಗುಡ್ಡ ಬಾಕಿ. ನಡೆದು ಹೋಗುತ್ತೇನೆ ಎಂದು ಚಪ್ಪಲಿ ಸರಿಮಾಡಿಕೊಂಡು ಹೊರಟೇಬಿಟ್ಟಳು.

ಆಗ ಕೆಳಗಿನ ತಿರುವಿನಿಂದ ಹಾಲಿನ ವ್ಯಾನು ಬಂತು. ರಸ್ತೆಯಲ್ಲಿ ಹರಿಯುತ್ತಿದ್ದ ಬಿಳಿಯ ಕಾಲುವೆಯನ್ನು ಕಂಡ ಡ್ರೈವರು ಗಕ್ಕನೆ ಬ್ರೇಕ್ ಹಾಕಿ, ಹಾರಿ ಇಳಿದು, ತನ್ನ ಕ್ಯಾನುಗಳನ್ನೆಲ್ಲ ತಡವಿ ನೋಡಿದ. ಅವನ ಹಾಲು ಅವನಲ್ಲೇ ಇತ್ತು. ಆಮೇಲೆ ನಮ್ಮ ಕಾರನ್ನು ಕಂಡ. ಡೀಸೆಲ್ ಕಾರು ಹಾಲು ಕೊಡುವುದನ್ನು ಅವನು ಎಲ್ಲೂ ಕಂಡಿರಲಿಲ್ಲ. ನಾನು ವಿವರಿಸತೊಡಗಿದೆ. ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿ, ಅಣ್ಣಾ, ಶಾಲೆ ಹತ್ತಿರ ಬಿಡ್ತೀರಾ, ಗಂಟೆ ಹೊಡೆಯೋದರೊಳಗೆ ಎಂದು ಕೇಳಿದಳು. ಬನ್ನಿ ಅಕ್ಕಾ ಎಂದ. ಮುಂದೆ ಒಂದೇ ಸೀಟಿತ್ತು. ವ್ಯಾನು ತಿರುವಿನಲ್ಲಿ ಮರೆಯಾಗುವವರೆಗೂ ನಾನು ಕೈ ಬೀಸುತ್ತಿದ್ದೆ. ಅವಳು ತಿರುಗಿ ನೋಡಲಿಲ್ಲ.

ರಸ್ತೆ ಬದಿಯ ಕಲ್ಲಿನ ಮೇಲೆ ಕೂತೆ. ಎದುರಿನ ತಂತಿಬೇಲಿಗೆ ಎಲ್ಲಿಂದಲೋ ಹಾರಿಬಂದ ಪ್ಲಾಸ್ಟಿಕ್ ಚೀಲವೊಂದು ಗಾಳಿಗೆ ಅಂಟಿಕೊಂಡು ಪಟಪಟ ಬಡಿಯುತ್ತಿತ್ತು. ನೋಡುತ್ತಾ ನೋಡುತ್ತಾ ಕಲ್ಲಿನಿಂದ ಎದ್ದು ನಿಂತೆ. ಶನಿವಾರದ ಹಾಳೆ! ಗಾಳಿಯ ದಾರಿ! ನಾನು ಪ್ರೀತಿಯಿಂದ ಹೊದಿಸಿದ ಹಾಳೆಯೇ ಕಾರಿನ ಉಸಿರು ಕಟ್ಟಿಸಿತ್ತು. ನಾನೇ ಅದನ್ನು ಕಿತ್ತು ಗುಣಪಡಿಸಿ, ನಾನೇ ಸುಣ್ಣ ಕುಡಿಸಿ ಕೊಂದಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದವನಾದರೂ ನನಗಿಂತ ವಾಸಿ, ಅವನ ಎತ್ತಿಗೆ ನಿಜವಾಗಿ ಜ್ವರವಿತ್ತು. ಕಾರು ಹಾಳಾದದ್ದಕ್ಕೆ ಆಗ ನನಗೆ ದುಃಖವೇ ಆಗಲಿಲ್ಲ. ಅವಳ ಕುರ್ಚಿ ಹೋದರೆ ಆ ಮುಖವನ್ನು ಸಂಜೆ ಹೇಗೆ ನೋಡಲಿ ಎಂದು ಅಳು ಬಂತು. ನಾಚಿಕೆ ಬಿಟ್ಟು ಅತ್ತೆ, ಅಲ್ಲಿ ನೊಣಗಳ ಹೊರತು ಯಾರೂ ಇರಲಿಲ್ಲ.

ಗ್ಯಾರೇಜಿನವನು ಲಾರಿ ತಂದು ಕಾರನ್ನು ಎಳೆದುಕೊಂಡು ಹೋದ. ಒಳಗೆ ಏನು ಹಾಕಿದ್ರಿ ಸಾರ್ ಎಂದು ಕೇಳಿದ. ಹೇಳಿದೆ. ಅವನು ನಂಬಲಿಲ್ಲ. ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕೂಗಿ ಕರೆದು, ಇನ್ನೊಂದ್ಸಲ ಹೇಳಿ ಸಾರ್ ಎಂದ. ನೀರಲ್ಲಿ ತೊಳೆದರೆ ಹೋಗುತ್ತೋ ಉಳಿ ಸುತ್ತಿಗೆ ಬೇಕೋ ಎಂಬ ಬಗ್ಗೆ ಅವರಲ್ಲಿ ಚರ್ಚೆ ಶುರುವಾಯಿತು. ನಾನು ತಲೆ ತಗ್ಗಿಸಿಕೊಂಡು ಮನೆಗೆ ಬಂದೆ.

ಸಂಜೆ ಅದೇ ಹಾಲಿನ ವ್ಯಾನು ಅವಳನ್ನು ಬಾಗಿಲಲ್ಲಿ ಇಳಿಸಿ ಹೋಯಿತು. ನಾನು ಕಾಫಿ ಮಾಡಿಟ್ಟು, ತಪ್ಪೊಪ್ಪಿಗೆಯನ್ನು ಮೂರು ಸಲ ಉರುಹೊಡೆದು ಕಾದಿದ್ದೆ. ಅವಳು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. ಹಾಳೆ, ಸ್ಟ್ರೆಚರ್, ಅಜ್ಜಿ, ಕೈಗವಸು, ಯಾವುದನ್ನೂ ಮುಚ್ಚಿಡಲಿಲ್ಲ. ನೀನು ಕಾರು ಓಡಿಸೋದು ನನಗೆ ಒಳಗೊಳಗೇ ಇಷ್ಟವಿರಲಿಲ್ಲ ಎಂಬುದನ್ನೂ ಹೇಳಿಬಿಟ್ಟೆ. ಕೊನೆಗೆ, ಕುರ್ಚಿ ಹೋಯ್ತಾ ಎಂದು ಕೇಳಿದೆ.

ಅವಳು ಕಾಫಿ ಒಂದು ಗುಟುಕು ಕುಡಿದಳು.

"ಗಂಟೆ ಹೊಡೆಯೋಕೆ ಜವಾನ ಕೈ ಎತ್ತಿದ್ದ, ಅಷ್ಟರಲ್ಲಿ ವ್ಯಾನು ಒಳಗೆ ಹೋಯ್ತು. ಗಡ್ಡದ ಮೇಷ್ಟ್ರು ಆಗಲೇ ನನ್ನ ಕುರ್ಚಿಯಲ್ಲಿ ಕೂತು ಅದರ ಎತ್ತರ ಸರಿಮಾಡ್ಕೊಳ್ತಿದ್ರು."

ನನಗೆ ಹೋದ ಜೀವ ಬಂತು. ಮುಂದಿನದನ್ನು ಅವಳು ನಗುತ್ತಲೇ ಹೇಳಿದಳು. ಹೊಸ ಹೆಡ್‌ಮಿಸ್ಸು ಹಾಲಿನ ವ್ಯಾನಿನಿಂದ ಇಳಿದು, ಮೈತುಂಬ ಬಿಳಿ ಚುಕ್ಕೆ ಇಟ್ಟುಕೊಂಡು, ಸ್ಟ್ರಾಬೆರಿ ವಾಸನೆ ಬೀರುತ್ತಾ ನಿಂತಾಗ ಶಾಲೆಗೆ ಶಾಲೆಯೇ ಬಾಯಿ ಮುಚ್ಚಿಕೊಂಡು ಕಿಸಿಕಿಸಿ ನಗುತ್ತಿತ್ತಂತೆ. ಇನ್ನು ಮುಚ್ಚಿಡುವುದೇನು ಎಂದು ಅವಳು, ವಾಸನೆಯಿಂದ ತಾನು ಊಹಿಸಿದ್ದನ್ನೆಲ್ಲ ಪ್ರಾರ್ಥನೆಯ ಹೊತ್ತಿನಲ್ಲೇ ಮೈಕ್ ಹಿಡಿದು ಹೇಳಿದಳಂತೆ. ನನ್ನ ಮನೆಯವರು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾರೆ, ಕಾರಿಗೆ ಹೊಟ್ಟೆನೋವಿನ ಔಷಧಿ ಕುಡಿಸಿದ್ದಾರೆ ಎಂದಳಂತೆ. ಹುಡುಗರು ಬಿದ್ದು ಬಿದ್ದು ನಕ್ಕರಂತೆ. ಗಡ್ಡದ ಮೇಷ್ಟ್ರು ನಕ್ಕದ್ದನ್ನು ಆ ಶಾಲೆಯವರು ಅದೇ ಮೊದಲು ಕಂಡದ್ದಂತೆ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಅವರೇ ಬಂದು, ಮೇಡಂ, ನೀವು ನಡೆಸಿ, ನಾವಿದ್ದೇವೆ ಎಂದರಂತೆ.

"ನೋಡಿದ್ಯಾ, ಎಲ್ಲಾ ನನ್ನಿಂದಲೇ!" ನಾನು ಎದೆಯುಬ್ಬಿಸಿದೆ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

"ಹೌದು" ಎಂದಳು ಅವಳು ಗಂಭೀರವಾಗಿ. "ಬರೋ ತಿಂಗಳು ಶಾಲೇಲಿ ವಿಜ್ಞಾನ ವಸ್ತುಪ್ರದರ್ಶನ. ನಿಮ್ಮನ್ನ ಕರೆಸಲೇಬೇಕು ಅಂತ ಗಡ್ಡದ ಮೇಷ್ಟ್ರು ಹಟ ಹಿಡಿದಿದಾರೆ."

ವಿಜ್ಞಾನಕ್ಕೆ ಕೊನೆಗೂ ನನ್ನ ಬೆಲೆ ತಿಳಿಯಿತು! ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮುಖ್ಯ ಅತಿಥಿ ಅಂದಮೇಲೆ ಕೋಟು ಬೇಕು, ಭಾಷಣ ಬರೆಯಬೇಕು, ದೀಪ ಹಚ್ಚುವುದು ನಾನೋ ಮೇಷ್ಟ್ರೋ ಎಂದು ವಿಚಾರಿಸಿದೆ.

"ಭಾಷಣ ಏನೂ ಬೇಡ್ವಂತೆ" ಎಂದಳು ಕಾಫಿ ಲೋಟ ಕೆಳಗಿಡುತ್ತಾ. "ಆ ರೇಡಿಯೇಟರ್ ಇಡೋ ಮೇಜಿನ ಪಕ್ಕ ನಿಮ್ಮನ್ನೂ ನಿಲ್ಲಿಸ್ತಾರಂತೆ."